ಹೊರಗಿನ ಚಿಲಕ

ಯಾರಾದರೂ ಏನನ್ನಾದರೂ ಪುಕ್ಕಟೆ ಕೊಡುತ್ತೇನೆ ಅಂದರೆ ಮೊದಲು ಅವರ ಕೈ ನೋಡುವುದು ನನ್ನ ಅಭ್ಯಾಸ. ಒಂದು ಕೈ ಕೊಡುತ್ತಿರುವಾಗ ಇನ್ನೊಂದು ಕೈ ಎಲ್ಲಿದೆ ಅಂತ. ಇದಕ್ಕೆ ನನ್ನ ಗಂಡ ನಗುತ್ತಾರೆ. ಇವರು ಬಡಗಿ. ಸೀಳು ಕಾಣದ ಹಲಗೆಯನ್ನೂ ತಟ್ಟಿ ನೋಡದೆ ಮುಟ್ಟದ ಮನುಷ್ಯ, ಜನರ ವಿಷಯದಲ್ಲಿ ಮಾತ್ರ ಹೇಳಿದ್ದೆಲ್ಲ ನಿಜ ಅಂದುಕೊಂಡುಬಿಡುತ್ತಾರೆ. ಮನೆಯಲ್ಲಿ ಒಬ್ಬರಾದರೂ ಕಣ್ಣು ಬಿಟ್ಟುಕೊಂಡಿರಬೇಕಲ್ಲ, ಅದಕ್ಕೆ ಆ ಕೆಲಸ ನಾನು ವಹಿಸಿಕೊಂಡಿದ್ದೇನೆ.

ಬಿರುಗಾಳಿ ನಮ್ಮ ಕೇರಿಯನ್ನು ಗುಡಿಸಿಕೊಂಡು ಹೋದ ಮೇಲೆ ನಾವೆಲ್ಲ ದಿಬ್ಬದ ಮೇಲೆ ಟಾರ್ಪಾಲುಗಳ ಕೆಳಗೆ ಬಿದ್ದುಕೊಂಡಿದ್ದೆವು. ನಾನು, ಗಂಡ, ಇಬ್ಬರು ಮಕ್ಕಳು, ಮಾವ. ಅತ್ತೆ ಇರಲಿಲ್ಲ. ಮಾವ ಬಂದರಿನ ಐಸ್ ಗೋದಾಮಿನ ಕಾವಲುಗಾರರಾಗಿದ್ದರು. ಆ ದಿನ ಅತ್ತೆಯನ್ನು ಅಲ್ಲಿ ಕೂರಿಸಿದ್ದರು, ಅಲ್ಲಿಗೇ ನೀರು ನುಗ್ಗಿತು. ಇಷ್ಟು ನಮಗೆ ಗೊತ್ತಿತ್ತು. ಇದಕ್ಕಿಂತ ಹೆಚ್ಚು ಮಾವ ಹೇಳಲಿಲ್ಲ, ನಾವೂ ಕೆದಕಲಿಲ್ಲ. ಮೊದಲು ಮಾತಿಗೆ ಮಾತು ಸೇರಿಸಿ ನಗಿಸುತ್ತಿದ್ದ ಮನುಷ್ಯ ಈಗ ಕೊಟ್ಟದ್ದನ್ನು ಉಣ್ಣುವುದು, ಸುಮ್ಮನೆ ಕೂರುವುದು, ಇಷ್ಟೇ ಆಗಿಬಿಟ್ಟಿದ್ದರು.

ಆಗ ಬಂದರು ಮನೆ ಕಟ್ಟಿಕೊಡುವವರು. ಯಾವುದೋ ದೂರದ ಸಂಸ್ಥೆ. ಸಿಮೆಂಟು, ಕಬ್ಬಿಣ, ಶೀಟು ಅವರದು, ಮೈಮುರಿದು ದುಡಿಯುವುದು ನಮ್ಮದು. ದಿಬ್ಬದ ಮೇಲೆಯೇ ಸಾಲಾಗಿ ಮನೆಗಳು. ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಕೆಳಗಿನ ಕೇರಿಯವರು ಇನ್ನೊಂದು ಸುತ್ತಿಗೆ ಕಾಯಬೇಕಿತ್ತು. ನಮ್ಮ ಹೆಸರು ಮೊದಲ ಸುತ್ತಿನಲ್ಲೇ ಬಂತು. ಇವರು ಖುಷಿಪಟ್ಟರು. ಇಷ್ಟು ಜನರಲ್ಲಿ ನಮ್ಮನ್ನೇ ಯಾಕೆ ಆರಿಸಿದರು ಅಂತ ನಾನು ಯೋಚನೆಗೆ ಬಿದ್ದೆ.

ನನ್ನ ಅನುಮಾನಕ್ಕೆ ಸರಿಯಾದ ಮೇವು ಸಿಕ್ಕಿದ್ದು ಗೋಡೆ ಎದೆಮಟ್ಟಕ್ಕೆ ಬಂದಾಗ. ಪ್ರತಿ ಮನೆಯ ನಡುವೆಯೂ ಒಂದು ಸಣ್ಣ ಕೋಣೆ ಎದ್ದಿತ್ತು. ಉಳಿದ ಗೋಡೆಗಳ ಎರಡು ಪಟ್ಟು ದಪ್ಪ. ಕಿಟಕಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಇಂಜಿನಿಯರಮ್ಮನನ್ನು ಅಲ್ಲೇ ನಿಲ್ಲಿಸಿ ಕೇಳಿದೆ.

"ಇದಕ್ಕೆ ಕಿಟಕಿ ಎಲ್ಲಿ?"

"ಇದಕ್ಕೆ ಇರಲ್ಲಮ್ಮ. ಜೋರು ಗಾಳಿ ಬಂದಾಗ ಮನೆಯವರೆಲ್ಲ ಇದರೊಳಗೆ ಕೂತ್ಕೋಬೇಕು. ಮೇಲೂ ಕಾಂಕ್ರೀಟೇ ಬರುತ್ತೆ."

"ಮನೆನೇ ಗಟ್ಟಿ ಅಂದಿದ್ರಲ್ಲ."

"ಗಟ್ಟಿನೇ."

"ಗಟ್ಟಿ ಮನೆ ಒಳಗೆ ಇನ್ನೊಂದು ಗಟ್ಟಿ ಕೋಣೆ ಯಾಕೆ ಹಾಗಾದ್ರೆ?"

ಆಕೆ ಸುಳ್ಳು ಹೇಳುವ ಹೆಂಗಸಲ್ಲ, ಅದೇ ಆಕೆಗೆ ಮುಳುವಾಯಿತು. "ತೀರಾ ಜೋರು ಗಾಳಿ ಬಂದ್ರೆ ಮೇಲಿನ ಶೀಟು ಹಾರಿಹೋದ್ರೂ ಹೋಗಬಹುದು" ಅಂದರು.

"ಕೇಳಿಸಿಕೊಂಡ್ರಾ ಎಲ್ಲರೂ, ಹಾರಿಹೋಗೋ ಸೂರು ಹಾಕ್ತಿದ್ದಾರಂತೆ" ಎಂದು ಹಿಂದಿನಿಂದ ಮೈಕಣ್ಣನ ಧ್ವನಿ ಬಂತು. ಇವನು ನಮ್ಮ ಕೇರಿಯ ಮುಖಂಡ. ಗುಟ್ಟು ಹೇಳಿದರೂ ಬಂದರಿನವರೆಗೆ ಕೇಳಿಸುವ ಗಂಟಲು, ಅದಕ್ಕೇ ಆ ಹೆಸರು. ಅವನಿಗೂ ನನಗೂ ಎಣ್ಣೆ ಸೀಗೇಕಾಯಿ. ಆದರೆ ಆ ದಿನ ಇಬ್ಬರೂ ಒಂದೇ ಪಕ್ಷ.

ಸಂಜೆ ಟಾರ್ಪಾಲಿನ ಕೆಳಗೆ ಕೂತು ಎಲ್ಲರೂ ತಲೆಗೊಂದು ಮಾತಾಡಿದರು. ಆ ಕೋಣೆಯಲ್ಲಿ ಮುಂದೆ ಅವರ ಸಾಮಾನು ತಂದಿಡುತ್ತಾರೆ ಅಂದವರುಂಟು. ನಮ್ಮ ಮನೆಗಳು ಅವರ ಗೋದಾಮುಗಳು, ನಾವು ಸಂಬಳವಿಲ್ಲದ ಕಾವಲುಗಾರರು ಅಂದಳೊಬ್ಬಳು, ಆ ಮಾತು ನನಗೆ ಬಹಳ ಸರಿ ಅನ್ನಿಸಿತು. ಕೊನೆಗೆ ಮೈಕಣ್ಣ ತೀರ್ಪು ಕೊಟ್ಟ. "ಅವರು ಏನಾದ್ರೂ ಇಡೋದಕ್ಕಿಂತ ಮುಂಚೆ ನಾವೇ ಇಟ್ಟುಬಿಡೋಣ. ಬಲೆ, ಮೋಟಾರು, ದವಸ, ಪಾತ್ರೆ. ನಮ್ಮ ಸಾಮಾನು, ನಮ್ಮ ಬೀಗ."

ಆ ಮಾತಿನ ಮೇಲೆಯೇ ಕೆಲಸ ನಡೆಯಿತು. ಕೋಣೆಗಳಿಗೆ ದಪ್ಪ ಬಾಗಿಲುಗಳು ಬಂದವು, ಜೊತೆಗೆ ಒಂದು ಚೀಲದ ತುಂಬ ಚಿಲಕಗಳು, ಬಾಗಿಲಿಗೊಂದರಂತೆ. ಬಾಗಿಲು ಕೂರಿಸುವ ಕೆಲಸ ನನ್ನ ಗಂಡನದು. ಚಿಲಕ ಯಾವ ಕಡೆ ಅಂತ ಸಂಸ್ಥೆಯವರು ಹೇಳಿರಲಿಲ್ಲ, ಹೇಳಬೇಕಾದ ವಿಷಯ ಅಂತ ಅವರಿಗೆ ಹೊಳೆದೂ ಇರಲಿಲ್ಲ. ಇವರು ಕೇಳಲೂ ಇಲ್ಲ. ಹುಟ್ಟಿದಾಗಿನಿಂದ ನಾವು ಕಂಡ ಕಿಟಕಿಯಿಲ್ಲದ ಕೋಣೆಗಳೆಲ್ಲ ಮೀನಿನವು, ಐಸಿನವು, ದವಸದವು. ಅಂಥ ಕೋಣೆಗೆ ಚಿಲಕ ಹೊರಗಲ್ಲದೆ ಇನ್ನೆಲ್ಲಿ ಹಾಕುತ್ತಾರೆ?

ಸಾಲಿನ ಎಲ್ಲ ಬಾಗಿಲಿಗೂ ಹೊರಗೆ ಚಿಲಕ ಬಿತ್ತು. ಮರುದಿನದಿಂದಲೇ ಅವು ಮಾಯವಾಗತೊಡಗಿದವು.

ಮೊದಲು ಕಂಡಿದ್ದು ನನಗೇ. ಹೊಸ ಗೋಡೆಗಳಿಗೆ ನೀರು ಹೊಡೆಯುವುದು ನನ್ನ ಪಾಲಿನ ಕೆಲಸ. ಬಿಸಿಲೇರಿದ ಮೇಲೆ ಗೋಡೆ ಒಣಗಿದರೆ ಬಿರುಕು ಬಿಡುತ್ತದೆ, ಹಾಗಾಗಿ ಉಳಿದವರು ಊಟಕ್ಕೆ ಹೋದಾಗಲೂ ನಾನು ಕೊಡ ಹೊತ್ತು ತಿರುಗುತ್ತಿರಬೇಕು. ಕೊನೆಯ ಮನೆಯ ಬಾಗಿಲಲ್ಲಿ ಚಿಲಕವಿದ್ದ ಜಾಗದಲ್ಲಿ ಸ್ಕ್ರೂ ತೂತುಗಳು ಮಾತ್ರ ಉಳಿದಿದ್ದವು. ಕಿತ್ತದ್ದಲ್ಲ, ಒರಟಾಗಿ ಮೀಟಿದ್ದೂ ಅಲ್ಲ, ಒಂದೊಂದೇ ತಿರುಗಿಸಿ ಜೋಪಾನವಾಗಿ ಬಿಚ್ಚಿದ್ದು. ಮರುದಿನ ಪಕ್ಕದ ಮನೆಯದು ಹೋಯಿತು. ಆಮೇಲೆ ಅದರ ಪಕ್ಕದ್ದು.

ನನಗೆ ಇಂಜಿನಿಯರಮ್ಮನ ಮೇಲೆಯೇ ಅನುಮಾನ. ಒಂದು ದಿನ ಆಕೆ ಒಬ್ಬರೇ ನಿಂತು ಬಾಗಿಲಿನ ಒಳಮೈಯನ್ನು ಕೈಯಾಡಿಸಿ ನೋಡುತ್ತಿದ್ದರು. ನನ್ನನ್ನು ಕಂಡು, "ಚಿಲಕ ಇನ್ನೂ ಹಾಕಿಲ್ವಾ?" ಅಂತ ಕೇಳಿದರು. ಎಷ್ಟು ನಯವಾಗಿ ಕೇಳುತ್ತಾಳೆ ನೋಡು, ಏನೂ ಗೊತ್ತಿಲ್ಲದವಳ ಹಾಗೆ, ಅಂದುಕೊಂಡೆ. ನಾವು ಬೀಗ ಹಾಕಬಾರದು ಅಂತ ತಾನೇ ಬಿಚ್ಚಿಸುತ್ತಿದ್ದಾಳೆ, ನಾಳೆ ಇವರ ಸಾಮಾನು ಬಂದಾಗ ಬಾಗಿಲು ತೆರೆದಿರಬೇಕಲ್ಲ. ರಾತ್ರಿ ಗಂಡನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಇವರು ಕೇಳುತ್ತ ಕೇಳುತ್ತಲೇ ನಿದ್ದೆ ಹೋದರು. ಆಚೆ ಬದಿಯಲ್ಲಿ ಮಲಗಿದ್ದ ಮಾವ ಮಾತ್ರ ಮಗ್ಗುಲು ಬದಲಿಸಿದರು.

ಮೈಕಣ್ಣನ ಅನುಮಾನ ಬೇರೆ ದಾರಿ ಹಿಡಿದಿತ್ತು. ಇಷ್ಟು ನೀಟಾಗಿ ಸ್ಕ್ರೂ ಬಿಚ್ಚಲು ಬಲ್ಲವನು, ಸ್ಕ್ರೂಡ್ರೈವರ್ ಇರುವವನು, ಇಡೀ ದಿನ ಬಾಗಿಲುಗಳ ಹತ್ತಿರವೇ ಇರುವವನು ಕೇರಿಯಲ್ಲಿ ಒಬ್ಬನೇ. ಅವನು ಹೆಸರು ಹೇಳಲಿಲ್ಲ. ಎಲ್ಲರೂ ಸೇರಿದ್ದಾಗ, "ಬೇಲಿನೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ" ಅಂದ. ನನ್ನ ಗಂಡ ತಲೆ ತಗ್ಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಕಂಡಿತು ಜನಕ್ಕೆ. ಇವರು ನಾಚಿಕೆಯಾದಾಗ ತಲೆ ತಗ್ಗಿಸುವವರು ಅಂತ ನಾನೊಬ್ಬಳೇ ಬಲ್ಲೆ.

"ಕದ್ದವರ ಮನೆ ಕೆಳಗಿನ ಕೇರಿಯವರಿಗೆ ಹೋಗುತ್ತೆ. ನಾಳೆ ಇಂಜಿನಿಯರಮ್ಮ ಬಂದಾಗ ತೀರ್ಮಾನ ಮಾಡಿಬಿಡೋಣ" ಎಂದ ಮೈಕಣ್ಣ. ಕೆಳಗಿನ ಕೇರಿಯ ಕೆಲವರು ಆಗಲೇ ನಮ್ಮ ಮನೆಯ ಕಡೆ ತಿರುಗಿ ನೋಡಿದರು.

ಆ ರಾತ್ರಿ ನನಗೆ ನಿಜವಾಗಿ ಭಯವಾಯಿತು. ಮಳೆಗಾಲ ಹತ್ತಿರ ಬಂದಿತ್ತು. ಟಾರ್ಪಾಲು ಬಿಸಿಲಿಗೆ ಒಣಗಿ ಪುಡಿಯಾಗುತ್ತಿತ್ತು. ಚಿಕ್ಕವಳು ಗಾಳಿ ಸ್ವಲ್ಪ ಜೋರಾದರೂ ಎದ್ದು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. ಆ ಮನೆಯನ್ನು ನಾನು ನಂಬಿರಲಿಲ್ಲ ನಿಜ, ಆದರೆ ಅದನ್ನು ಕೈಬಿಡಲು ಮನಸ್ಸು ಒಪ್ಪಲಿಲ್ಲ. ಕಳ್ಳ ಯಾರೇ ಇರಲಿ, ನಾಳೆಯ ಒಳಗೆ ಹಿಡಿಯಲೇಬೇಕು ಅಂತ ನಿಶ್ಚಯಿಸಿಕೊಂಡೆ.

ಉಳಿದಿದ್ದು ಒಂದೇ ಚಿಲಕ, ಮೈಕಣ್ಣನ ಮನೆಯದು. ಅವನು ಸಂಸ್ಥೆಯ ಚಿಲಕವನ್ನು ನಂಬದೆ ತಾನೇ ಬಂದರಿನಿಂದ ದೊಡ್ಡದೊಂದನ್ನು ತಂದು, ಬಾಗಿಲಿನ ಆಚೆಯಿಂದ ಈಚೆಗೆ ಬೋಲ್ಟು ತೂರಿಸಿ, ನಟ್ಟು ಬಿಗಿದು, ತುದಿಯನ್ನು ಸುತ್ತಿಗೆಯಿಂದ ಬಡಿದುಹಾಕಿದ್ದ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಕೊಡವನ್ನು ಪಕ್ಕದ ಮನೆಯಲ್ಲಿಟ್ಟು ಗೋಡೆಗೆ ಒರಗಿ ಕಾದೆ. ಸ್ವಲ್ಪ ಹೊತ್ತಿಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನುಗ್ಗಿದೆ.

ಮಾವ.

ಮಗನ ಸ್ಕ್ರೂಡ್ರೈವರನ್ನು ನಟ್ಟಿನ ಸಂದಿಗೆ ತುರುಕಿ ತಿರುಗಿಸಲು ನೋಡುತ್ತಿದ್ದರು. ಅದು ಜಾರಿ ಜಾರಿ ಬೆರಳುಗಳೆಲ್ಲ ಕೊಯ್ದು ಹೋಗಿ ಬಾಗಿಲಿಗೆ ರಕ್ತ ಮೆತ್ತಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ ನಾನು. ಸಿಟ್ಟು ನೆತ್ತಿಗೇರಿತು.

"ಮಾವ, ಏನಿದು? ನಿಮ್ಮ ಮಗನ್ನ ಕಳ್ಳ ಅಂತಿದ್ದಾರೆ. ಮನೆ ಕಿತ್ಕೊಳ್ತಾರೆ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ."

"ಇದೊಂದು ಬರ್ತಾ ಇಲ್ಲಮ್ಮ" ಅಂದರು. ನನ್ನ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ. "ಉಳಿದದ್ದೆಲ್ಲ ಬಂತು. ಇದೊಂದು ಬರ್ತಾ ಇಲ್ಲ."

"ಉಳಿದದ್ದೆಲ್ಲ ಎಲ್ಲಿವೆ?"

"ಸಮುದ್ರಕ್ಕೆ ಹಾಕಿದೆ."

ಸ್ಕ್ರೂಡ್ರೈವರನ್ನು ಕಿತ್ತುಕೊಂಡೆ. ಅವರು ಬಾಗಿಲಿಗೆ ಬೆನ್ನು ಕೊಟ್ಟು ಜಾರಿ ನೆಲಕ್ಕೆ ಕೂತರು. ಆಮೇಲೆ, ನಾನು ಕೇಳದೆಯೇ, ಅಷ್ಟು ದಿನ ಹೇಳದ್ದನ್ನು ಹೇಳಿದರು.

"ನಿಮ್ಮತ್ತೆನ ಐಸ್ ರೂಮಲ್ಲಿ ಕೂರಿಸಿದೆ. ಊರಿಗೆಲ್ಲ ಅದೊಂದೇ ಗಟ್ಟಿ ಕಟ್ಟಡ. ಬಾಗಿಲು ಗಾಳಿಗೆ ಬಡ್ಕೊಳ್ತಾ ಇತ್ತು. ಅದಕ್ಕೆ ಒಳಗೆ ಚಿಲಕ ಇರಲಿಲ್ಲ, ಐಸಿಗೆ ಯಾಕೆ ಬೇಕು ಒಳಗೆ ಚಿಲಕ. ಹೊರಗಿಂದ ಹಾಕಿದೆ. ಸೊಸೆ, ಮಕ್ಕಳನ್ನ ಕರ್ಕೊಂಡು ಬಂದುಬಿಡ್ತೀನಿ, ಅಷ್ಟರವರೆಗೆ ಇರು ಅಂದೆ. ಹಾಕಿದ ಮೇಲೆ ಒಳಗಿಂದ ಬಡಿದಳು. ಎರಡು ಸಲ."

ನನಗೆ ಆ ದಿನ ನೆನಪಿತ್ತು. ಇವರು ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದರು. ಮೊಣಕಾಲು ನೀರಲ್ಲಿ ಮಾವ ಓಡಿ ಬಂದದ್ದು, ಇಬ್ಬರು ಮಕ್ಕಳನ್ನೂ ಎತ್ತಿಕೊಂಡದ್ದು, ನನ್ನ ರಟ್ಟೆ ಹಿಡಿದು ದಿಬ್ಬಕ್ಕೆ ಎಳೆದದ್ದು. ಹಿಂದಕ್ಕೆ ಹೋಗಲು ದಾರಿ ಉಳಿದಿರಲಿಲ್ಲ. ಆಗ ಅವರು ಕೂಗಿಕೊಂಡದ್ದು ಗಾಳಿಯ ಸದ್ದಿನಲ್ಲಿ ನನಗೆ ಅರ್ಥವಾಗಿರಲಿಲ್ಲ.

"ಸರಿ, ಹೋಗು ಅಂತ ಬಡಿದಳೋ, ಬೇಡ, ತೆಗಿ ಅಂತ ಬಡಿದಳೋ" ಅಂದರು ಮಾವ. "ನಾನು ಹೋಗು ಅಂತ ಅಂದ್ಕೊಂಡೆ. ನೀರಿಳಿದ ಮೇಲೆ ನಾನೇ ಹೋಗಿ ತೆಗೆದೆ. ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಅವನಿಗೆ ಹೇಳಬೇಡಮ್ಮ. ಅವನ ಅಮ್ಮನ ಮೇಲೆ ನಾನೇ ಚಿಲಕ ಹಾಕಿದೆ ಅಂತ ಅವನಿಗೆ ಗೊತ್ತಾದ್ರೆ ನಾನು ಇರಲ್ಲ."

ನಾನು ಅವರ ಕೈಗೆ ನೀರು ಹಾಕಿ ತೊಳೆದೆ, ಬಾಗಿಲ ಮೇಲಿನ ರಕ್ತ ಒರೆಸಿದೆ, ನನ್ನ ಸೆರಗಿನ ಅಂಚು ಹರಿದು ಬೆರಳಿಗೆ ಕಟ್ಟಿದೆ. ನಮ್ಮನ್ನು ಕರೆತರಲು ಬಂದದ್ದರಿಂದ ಅತ್ತೆ ಹೋದರು. ಇಂಥ ಮನುಷ್ಯನನ್ನು ಇಷ್ಟು ದಿನ ಅನ್ನ ಹಾಕಿ ಮೂಲೆಯಲ್ಲಿ ಕೂರಿಸಿದ್ದೆನಲ್ಲ, ಒಂದು ಮಾತು ಕೇಳಲಿಲ್ಲವಲ್ಲ ಅಂತ ನನ್ನ ಮೇಲೇ ಅಸಹ್ಯವಾಯಿತು. ಜಗತ್ತಿನ ಮೇಲೆಲ್ಲ ಅನುಮಾನಪಟ್ಟವಳಿಗೆ ಮನೆಯೊಳಗಿನ ಮೌನದ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

ಸಂಜೆಯಾಗುವ ಮೊದಲೇ ಇಂಜಿನಿಯರಮ್ಮ ಬಂದರು. ಪಂಚಾಯಿತಿ ಸೇರಿದ್ದು ಮೈಕಣ್ಣನ ಮನೆಯ ನಡುಮನೆಯಲ್ಲೇ, ಆ ಕೋಣೆಯ ಮುಂದೆ. ಚಿಲಕಗಳು ಕಳವಾದ ಕಥೆಯನ್ನು ಮೈಕಣ್ಣ ಹೇಳಿ ಮುಗಿಸಿದ ಮೇಲೆ ಆಕೆ ಹುಬ್ಬು ಗಂಟಿಕ್ಕಿ ಕೇಳಿದರು.

"ಯಾವ ಕಡೆ ಹಾಕಿದ್ರಿ ಅವನ್ನ?"

"ಹೊರಗೆ. ಇನ್ನೆಲ್ಲಿ ಹಾಕ್ತಾರೆ?"

"ಅಯ್ಯೋ ದೇವರೇ. ಅವು ಒಳಗೆ ಹಾಕೋಕೆ ಕೊಟ್ಟದ್ದು."

"ಒಳಗೆ?" ಮೈಕಣ್ಣ ಜನರ ಕಡೆ ತಿರುಗಿ ನಕ್ಕ. "ಬಲೆ, ದವಸ ಎದ್ದು ಬಂದು ಒಳಗಿಂದ ಚಿಲಕ ಹಾಕ್ಕೊಳ್ತವಾ?" ಜನ ನಕ್ಕರು. ಇಂಜಿನಿಯರಮ್ಮ ಏನೋ ವಿವರಿಸಲು ಹೋದರು, ಅವನ ಗಂಟಲಿನ ಮುಂದೆ ಆಕೆಯ ಮಾತು ಎಲ್ಲಿ ನಡೆಯಬೇಕು? "ಒಳಗೋ ಹೊರಗೋ, ಅದು ಆಮೇಲಿನ ಮಾತು. ಕಳವು ಕಳವೇ. ಸ್ಕ್ರೂಡ್ರೈವರ್ ಯಾರ ಹತ್ರ ಇದೆ ಅಂತ ಎಲ್ಲರಿಗೂ ಗೊತ್ತು. ಬಡಗಿ ಈಗಲೇ ಒಪ್ಪಿಕೊಂಡರೆ ಮರ್ಯಾದೆ."

ನನ್ನ ಗಂಡ ತಲೆಯೆತ್ತಿದರು. "ನಾನು ತಗೊಂಡಿಲ್ಲ" ಅಂದರು. ಅಷ್ಟೇ ಅಂದರು. ಮೂಲೆಯಲ್ಲಿ ಮಾವ ಬಟ್ಟೆ ಸುತ್ತಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ಹೇಳಿದರೆ ಮನೆ ಉಳಿಯಬಹುದು, ಮಾವ ಹೋಗುತ್ತಾರೆ. ಹೇಳದಿದ್ದರೆ ಗಂಡ ಕಳ್ಳನಾಗುತ್ತಾರೆ, ಮಕ್ಕಳು ಮಳೆಗೆ ಬೀಳುತ್ತಾರೆ. ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ಆ ಹೊತ್ತಿಗೆ ಹೊಳೆದ ಉಪಾಯ ಬಹಳ ಜಾಣತನದ್ದು ಅನ್ನಿಸಿತು.

"ಮೈಕಣ್ಣ, ಚಿಲಕದ ಮಾತು ಇರಲಿ" ಅಂದೆ. "ಸಾಮಾನು ಇಡೋಕೆ ಜಾಗ ಎಷ್ಟಿದೆ ಒಳಗೆ? ಇಂಜಿನಿಯರಮ್ಮನಿಗೂ ತೋರಿಸು. ಆಮೇಲೆ ಅವರೇ ಹೇಳಲಿ, ಹೊರಗೋ ಒಳಗೋ."

ಅವನಿಗೆ ತೋರಿಸುವುದೆಂದರೆ ಪ್ರಾಣ. ಬಲೆ ಇಲ್ಲಿ, ಮೋಟಾರು ಅಲ್ಲಿ ಎನ್ನುತ್ತ ಒಳಗೆ ಹೋದ. ಹಿಂದೆಯೇ ಇಂಜಿನಿಯರಮ್ಮನೂ ಹೋದರು. ನಾನು ಬಾಗಿಲೆಳೆದು ಅವನ ದೊಡ್ಡ ಚಿಲಕವನ್ನು ಹಾಕಿಬಿಟ್ಟೆ.

ಜನ ಮೊದಲು ನಕ್ಕರು. ಒಳಗಿಂದ ಮೈಕಣ್ಣನೂ ನಕ್ಕಿರಬೇಕು, ಬಾಗಿಲು ಎಷ್ಟು ದಪ್ಪವೆಂದರೆ ಬಂದರಿಗೆ ಕೇಳಿಸುವ ಆ ಗಂಟಲು ನಮಗೆ ಬರೀ ಗುಂಯ್ ಅಂತ ಕೇಳಿಸಿತು. ಹೊರಗಿನ ಚಿಲಕ ಅಂದರೆ ಒಳಗಿದ್ದವರಿಗೆ ಏನು ಅಂತ ಈಗ ಗೊತ್ತಾಗಲಿ ಎಂದು ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನನ್ನ ಗಂಡ, "ಏನೇ ಇದು ಹುಚ್ಚಾಟ, ತೆಗಿ" ಅಂದರು. ಸ್ವಲ್ಪ ಇರಲಿ ಅಂದೆ.

ಆಗ ಒಳಗಿಂದ ಬಡಿದರು. ಎರಡು ಸಲ.

ಅದರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ದೇವರಾಣೆ ಯೋಚಿಸಿರಲಿಲ್ಲ. ಮೂಲೆಯಿಂದ ಮಾವ ಎದ್ದು ಬಂದ ರಭಸಕ್ಕೆ ಇಬ್ಬರು ಪಕ್ಕಕ್ಕೆ ಬಿದ್ದರು. ನನ್ನನ್ನು ಅವರು ತಳ್ಳಿಯೇ ಬಿಟ್ಟರು, ಅಷ್ಟು ವರ್ಷದಲ್ಲಿ ನನಗೆ ಏರುದನಿಯಲ್ಲೂ ಮಾತಾಡದ ಮನುಷ್ಯ. ಸುತ್ತಿದ ಬಟ್ಟೆ ಚಿಲಕಕ್ಕೆ ಸಿಕ್ಕಿಕೊಂಡಿತು. ಎಳೆದರು. ಬೆರಳಿನ ಗಾಯ ಮತ್ತೆ ಬಿಚ್ಚಿಕೊಂಡಿತು.

"ಬಂದೆ ಕಣೇ, ಬಂದೆ. ತೆಗೀತಿದ್ದೀನಿ. ಹೋಗಿಲ್ಲ, ನಾನು ಹೋಗಿಲ್ಲ. ಇಲ್ಲೇ ಇದ್ದೀನಿ."

ಬಾಗಿಲು ತೆರೆಯಿತು. ಮೈಕಣ್ಣ ಬೆವೆತು ಹೊರಗೆ ಬಂದ, ಏನೋ ಬೈಯಲು ಬಾಯಿ ತೆರೆದವನು ಮಾವನ ಮುಖ ನೋಡಿ ಮುಚ್ಚಿದ. ಇಂಜಿನಿಯರಮ್ಮ ಬಾಗಿಲಲ್ಲೇ ನಿಂತರು. ಅವರಿಬ್ಬರೂ ಹೊರಗೆ ಬಂದ ಮೇಲೂ ಮಾವ ಒಳಗಿನ ಕತ್ತಲೆಯನ್ನು ನೋಡುತ್ತಲೇ ಇದ್ದರು, ಇನ್ನೂ ಒಬ್ಬರು ಬರಬೇಕಿತ್ತು ಅನ್ನುವ ಹಾಗೆ.

"ಅಪ್ಪ" ಅಂದರು ನನ್ನ ಗಂಡ. "ಯಾರಿಗೆ ಹೇಳಿದೆ ನೀನು?"

ಮಾವ ತಿರುಗಲಿಲ್ಲ. "ನಿಮ್ಮಮ್ಮನಿಗೆ" ಅಂದರು. ಆಮೇಲೆ ತಡೆದು, "ಅವತ್ತು ಹೊರಗಿಂದ ನಾನೇ ಹಾಕಿದ್ದೆ ಮಗಾ" ಅಂದರು.

ಎಲ್ಲರ ಕಣ್ಣೂ ಮಾವನ ಕೈ ಮೇಲಿತ್ತು. ಚಿಲಕಗಳನ್ನು ಬಿಚ್ಚಿದವರು ಯಾರು, ಯಾಕೆ ಅಂತ ಅವರಿಗೆ ಬೇರೆ ಹೇಳಬೇಕಾಗಲಿಲ್ಲ. ನನ್ನ ಗಂಡ ಹೊರಬಾಗಿಲ ಕಡೆ ತಿರುಗಿದರು. ಇವರು ಹೊರಗೆ ನಡೆದುಹೋಗುತ್ತಾರೆ, ಇನ್ನು ಅಪ್ಪನ ಜೊತೆ ಮಾತಾಡುವುದಿಲ್ಲ ಅಂದುಕೊಂಡೆ. ಮಾವನನ್ನು ಕೊಂದವಳು ನಾನೇ ಅಂದುಕೊಂಡೆ.

ಹೊರಗೆ ಹೋದದ್ದು ನಿಜ. ತಿರುಗಿ ಬಂದಾಗ ಕೈಯಲ್ಲಿ ಹ್ಯಾಕ್ಸಾ ಇತ್ತು.

"ಇದು ಸ್ಕ್ರೂಡ್ರೈವರಿಗೆ ಬರಲ್ಲ, ಕೊಯ್ಯಬೇಕು" ಅಂದರು ಮೈಕಣ್ಣನ ಕಡೆ ನೋಡಿ.

"ಕೊಯ್ಯಪ್ಪ" ಅಂದ ಮೈಕಣ್ಣ. ಅವನ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಬಾಗಿಲು ಅಲುಗಾಡದ ಹಾಗೆ ತಾನೇ ಹೆಗಲು ಕೊಟ್ಟು ನಿಂತ. ಕೆಳಗಿನ ಕೇರಿಗೆ ಯಾರ ಮನೆ ಅನ್ನುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಕಬ್ಬಿಣ ದಪ್ಪವಿತ್ತು, ಬ್ಲೇಡು ಹಿಡಿಯದೆ ಜಾರುತ್ತಿತ್ತು. ಮಾವ ಮುಂದೆ ಬಂದು ಚಿಲಕವನ್ನು ಎರಡೂ ಕೈಯಿಂದ ಅಮುಕಿ ಹಿಡಿದರು. ಇವರು ಬೇಡ ಅನ್ನಲಿಲ್ಲ. ಕೊಯ್ಯುವಷ್ಟು ಹೊತ್ತೂ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿಲಕ ತುಂಡಾಗಿ ಬಾಗಿಲಿನಿಂದ ಕಳಚಿಕೊಂಡ ಮೇಲೂ ಮಾವ ಅದನ್ನು ಹಿಡಿದೇ ಇದ್ದರು. ನನ್ನ ಗಂಡ ಹ್ಯಾಕ್ಸಾ ಕೆಳಗಿಟ್ಟು, ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ತೆಗೆದುಕೊಂಡರು.